ಗೂರ್ಖಾ ಮೂತಿಗೆ ಬೆಂಜ್ ನಕ್ಷತ್ರ: ನಗೋರು ಯಾರು, ಸಲ್ಯೂಟ್ ಹೊಡೆಯೋರು ಯಾರು?

ನಲವತ್ತು ಸೆಕೆಂಡಿನ ಒಂದು ವಿಡಿಯೋ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇರುವವರು ಕೆಲವರಾದರೂ ನೋಡಿರುತ್ತೀರಿ. ಕಲ್ಯಾಣ ಮಂಟಪವೊಂದರ ಮುಂದೆ ಡಬ್ಬಿ ಥರದ ಕಪ್ಪು ಗಾಡಿ ನಿಂತಿದೆ. ಮೂತಿಯ ಮೇಲೆ ಬೆಂಜ್ ಕಂಪನಿಯ ನಕ್ಷತ್ರ. ಕ್ಯಾಮೆರಾ ಅದರ ಹತ್ತಿರ ಹೋಗಿ ನಿಲ್ಲುತ್ತದೆ. ಆಮೇಲೆ ಸುತ್ತು ಹಾಕಿ ಗಾಡಿಯ ಹಿಂದಕ್ಕೆ ಬರುತ್ತದೆ. ಅಲ್ಲಿ 'ಫೋರ್ಸ್' ಅನ್ನುವ ಹೆಸರು ಹಾಗೇ ಉಳಿದಿದೆ. "ನೋಡ್ರಪ್ಪಾ ನೋಡ್ರಿ, ನಮ್ಮ ಹಳ್ಳಿ ಬೆಂಜು!" ಅಂತ ಒಬ್ಬ ಕೂಗುತ್ತಾನೆ. ನಾಲ್ಕೈದು ಜನ ಬಿದ್ದೂ ಬಿದ್ದೂ ನಗುತ್ತಾರೆ. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ಕೆಳಗೆ ಬಂದ ಮಾತುಗಳನ್ನು ನಾವು ಓದಿದೆವು. "ಜಮೀನು ಮಾರಿದ ದುಡ್ಡು ಹಿಂಗೇ ಆಡಿಸೋದು." "ಮೊದಲು ಮನೆ ಮುಂದೆ ಚರಂಡಿ ಕಟ್ಟಿಸ್ಕೊಳೋ." "ಎತ್ತಿಗೆ ಗೆಜ್ಜೆ ಕಟ್ಟಿದ್ರೆ ಕುದುರೆ ಆಯ್ತದಾ?" ಇನ್ನೂ ಕೆಲವು ಇವೆ, ಜಾತಿ ಎಳೆದು ತಂದವು. ಅವನ್ನು ಇಲ್ಲಿ ಬರೆಯುವುದಿಲ್ಲ.

ಆ ಹುಡುಗ ನಮಗೆ ಗೊತ್ತು. ನಮ್ಮ ಬಳಗದಲ್ಲಿ ಒಬ್ಬನಿಗೆ ಸೋದರಮಾವನ ಮಗ. ವಿಡಿಯೋ ಬಂದ ಮೂರನೇ ದಿನ ಆ ನಕ್ಷತ್ರವನ್ನು ಸ್ಕ್ರೂಡ್ರೈವರ್ ಹಾಕಿ ಕಿತ್ತು ತಿಪ್ಪೆಗೆ ಎಸೆದ. ಒಂದು ವಾರ ಗಾಡಿ ಹೊರಗೆ ತೆಗೆಯಲಿಲ್ಲ. ಹಾಲಿನ ಡೇರಿಗೂ ಅವರಪ್ಪನೇ ಹೋಗುತ್ತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಅವನು ಮಾಡಿದ್ದು ಸರಿ ಅಂತ ಹೇಳುವುದಕ್ಕಲ್ಲ. ಅವನನ್ನು ನೋಡಿ ನಕ್ಕವರಿಗೆ ನಗುವ ಹಕ್ಕು ಎಲ್ಲಿಂದ ಬಂತು ಅಂತ ಕೇಳುವುದಕ್ಕೆ.

ಮೊದಲು ಗಾಡಿಯ ವಿಷಯ. ಅದು ಫೋರ್ಸ್ ಕಂಪನಿಯ ಗೂರ್ಖಾ, 2021ರ ಮಾದರಿ, ಸೆಕೆಂಡ್ ಹ್ಯಾಂಡ್. ನಮ್ಮ ರಸ್ತೆಯಲ್ಲಿ ದಿನಕ್ಕೆ ನೂರು ಥಾರ್, ಇನ್ನೂರು ಸ್ಕಾರ್ಪಿಯೋ ಕಾಣುತ್ತವೆ. ಗೂರ್ಖಾ ಕಾಣುವುದು ತಿಂಗಳಿಗೊಂದು. ನೋಡಲು ವಿಚಿತ್ರವಾಗಿದೆ. ಗುಂಡು ದೀಪ, ನೆಟ್ಟಗೆ ನಿಂತ ಗಾಜು, ಚಚ್ಚೌಕ ಬೆನ್ನು, ಬಾನೆಟ್ ಮೇಲೆ ಕೂತ ಇಂಡಿಕೇಟರ್, ಪಕ್ಕದಲ್ಲಿ ಕೊಳವೆ ಥರ ಮೇಲೆದ್ದ ಸ್ನಾರ್ಕೆಲ್, ಹಿಂದಿನ ಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ. ದೂರದಿಂದ ನೋಡಿದರೆ ಮರ್ಸಿಡಿಸ್ ಬೆಂಜ್ ಕಂಪನಿ 1979ರಿಂದ ಮಾಡುತ್ತಿರುವ ಜಿ-ಕ್ಲಾಸ್ ಗಾಡಿಯ ತಮ್ಮನ ಹಾಗೆ ಕಾಣುತ್ತದೆ. ಆ ಅಣ್ಣನ ಬೆಲೆ ಎರಡೂವರೆ ಕೋಟಿಗೂ ಮೇಲೆ. ಈ ತಮ್ಮನ ಬೆಲೆ 2021ರಲ್ಲಿ ಶೋರೂಂನಲ್ಲಿ 13 ಲಕ್ಷ 59 ಸಾವಿರ. ಹಾಗಾಗಿ ಗೂರ್ಖಾ ಮೂತಿಗೆ ಬೆಂಜ್ ನಕ್ಷತ್ರ ಅಂಟಿಸುವ ಚಟ ನಮ್ಮ ಹುಡುಗನ ಸ್ವಂತ ಆವಿಷ್ಕಾರವೇನಲ್ಲ. ದೇಶದಲ್ಲಿ ಬಹಳ ಕಡೆ ನಡೆಯುತ್ತದೆ. ಅಂಗಡಿಗಳಲ್ಲಿ ಅದಕ್ಕೆಂದೇ ಗ್ರಿಲ್ ಸಿಗುತ್ತದೆ.

ಆದರೆ ಅವನು ಗಾಡಿ ತಂದ ದಿನವೇ ನಕ್ಷತ್ರ ಅಂಟಿಸಲಿಲ್ಲ. ಒಂದು ವರ್ಷ ಅದರ ಸ್ವಂತ ಹೆಸರಿನಲ್ಲೇ ಓಡಿಸಿದ. ಆ ಒಂದು ವರ್ಷ ಏನಾಯಿತು ಅಂತ ಕೇಳಿ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದರೆ, "ಏನಣ್ಣಾ, ಬಾಡಿಗೆಗೆ ಬತ್ತದಾ? ಎಷ್ಟು ಜನ ಹಿಡೀತಾರೆ?" ಪೆಟ್ರೋಲ್ ಬಂಕಿನಲ್ಲಿ, "ಆಂಬುಲೆನ್ಸಾ ಸಾರ್?" ಹೆಸರು ಕೇಳಿದವರಿಗೆ ಗೂರ್ಖಾ ಅಂದರೆ, "ಓಹೋ, ವಾಚ್‌ಮನ್ ಗಾಡಿ" ಅಂತ ಒಂದು ನಗು. ರಾತ್ರಿ ಸೀಟಿ ಊದಿಕೊಂಡು ಬೀದಿ ಕಾಯುತ್ತಿದ್ದ ಮನುಷ್ಯನನ್ನು ನಾವು ಎಷ್ಟು ಕೀಳಾಗಿ ಕಂಡಿದ್ದೆವು ಅನ್ನುವುದೂ ಆ ನಗುವಿನಲ್ಲಿದೆ, ಇರಲಿ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಚಿಕ್ಕಪ್ಪ ಕಿಟಕಿಯಿಂದ ಇಣುಕಿ, "ಸ್ವಂತದ್ದಾ, ಯಾರ ಹತ್ರನಾದ್ರೂ ಇಸ್ಕೊಂಡ್ ಬಂದ್ರಾ?" ಅಂದರಂತೆ. ಮತ್ತೆ ಅದೇ ಕಲ್ಯಾಣ ಮಂಟಪ, ವಿಡಿಯೋ ಮಾಡಿದ ಜಾಗ. ಅಲ್ಲಿ ಗೇಟಿನವನು ಕೈ ಅಡ್ಡ ಹಿಡಿದು, "ಟೆಂಪೋಗಳೆಲ್ಲಾ ಹಿಂದ್ಗಡೆ" ಅಂದ. ಅಡುಗೆಯವರ ಪಾತ್ರೆ ಗಾಡಿಯ ಪಕ್ಕ, ಎಂಜಲೆಲೆ ರಾಶಿಯ ಎದುರಿಗೆ ನಿಲ್ಲಿಸಿ ಅವ್ವನನ್ನು ಇಳಿಸಬೇಕಾಯಿತು. ಅವ್ವ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಆ ಕೆಸರಿನಲ್ಲಿ ನಡೆದರು.

ಇದಾದ ಮೇಲೆ ಅವನು ಬೆಂಗಳೂರಿಗೆ ಹೋಗಿ ನಕ್ಷತ್ರ ತಂದ.

ಅದರಿಂದ ಏನು ಬದಲಾಯಿತು? ಗಾಡಿ ಅದೇ. ಎಂಜಿನ್ ಅದೇ. ಟೈರಿಗೆ ಅಂಟಿದ ಕೆಂಪು ಮಣ್ಣೂ ಅದೇ. ಓಡಿಸುವವನಂತೂ ಅವನೇ. ಆದರೆ ಅದೇ ಮಂಟಪದ ಅದೇ ಗೇಟಿನವನು ಈ ಸಲ ಓಡಿ ಬಂದು ಸರಪಳಿ ತೆಗೆದ. ಸೀಟಿ ಊದಿದ. ಒಂದು ಸ್ವಿಫ್ಟನ್ನು ಹಿಂದಕ್ಕೆ ತಳ್ಳಿಸಿ ಬಾಗಿಲ ಮುಂದೆ ಜಾಗ ಮಾಡಿಕೊಟ್ಟು ಸಲ್ಯೂಟ್ ಹೊಡೆದ. ಒಂದು ಕಚೇರಿಯಲ್ಲಿ ಮೂರು ಸಲ "ನಾಳೆ ಬಾ" ಅಂದಿದ್ದವರು ನಾಲ್ಕನೇ ಸಲ ಕಿಟಕಿಯಾಚೆ ಗಾಡಿ ನೋಡಿ "ಕೂತ್ಕೊಳಿ" ಅಂದರು. ಏಕವಚನ ಬಹುವಚನವಾಗಲು ಒಂದು ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಸಾಕಾಯಿತು. ಬ್ಯಾಂಕಿನ ಮುಂದೆ, ಹೋಟೆಲಿನ ಮುಂದೆ ಹುಡುಗರು ಸೆಲ್ಫಿ ತೆಗೆಸಿಕೊಂಡರು. ಟೋಲಿನ ಫಾಸ್ಟ್ಯಾಗ್ ಯಂತ್ರ ಒಂದೇ ಮೂತಿ ನೋಡಲಿಲ್ಲ. ಅದು ಹಿಂದೆ ಎಷ್ಟು ಕಿತ್ತುಕೊಳ್ಳುತ್ತಿತ್ತೋ ಅಷ್ಟೇ ಕಿತ್ತುಕೊಂಡಿತು.

ಈಗ ಹೇಳಿ. ಮೋಸ ಮಾಡಿದ್ದು ಯಾರು? ಆ ನಕ್ಷತ್ರ ಯಾರ ಜೇಬಿಗೂ ಕೈ ಹಾಕಲಿಲ್ಲ. ಕಸದ ಪಕ್ಕ ನಿಲ್ಲಬೇಕಿದ್ದ ಅವ್ವನಿಗೆ ಬಾಗಿಲ ಮುಂದೆ ಇಳಿಯುವ ಮರ್ಯಾದೆ ಕೊಡಿಸಿತು, ಅಷ್ಟೇ. ಆ ಮರ್ಯಾದೆ ಮೊದಲೇ ಸಿಗಬೇಕಾಗಿತ್ತು. ಮುಯ್ಯಿ ಕೊಡಲು ಬಂದ ನೆಂಟರಿಗೆ, ಅವರು ಬೆಂಜಿನಲ್ಲಿ ಬರಲಿ, ಟಿವಿಎಸ್‌ನಲ್ಲಿ ಬರಲಿ, ನಡೆದೇ ಬರಲಿ, ಸಿಗಬೇಕಾದದ್ದು. ಗೇಟಿನವನನ್ನು ನಾವು ಬೈಯುವುದಿಲ್ಲ. ಅವನೂ ಎಲ್ಲೋ ಪಾವಗಡದ ಕಡೆಯಿಂದ ಕೂಲಿ ಹುಡುಕಿಕೊಂಡು ಬಂದವನು. "ದೊಡ್ಡ ಗಾಡಿ ಬಂದರೆ ಮುಂದೆ ಬಿಡು, ಉಳಿದವು ಹಿಂದೆ" ಅಂತ ಅವನಿಗೆ ಹೇಳಿಕೊಟ್ಟ ಮಾಲೀಕರನ್ನು ಕೇಳಬೇಕು. ಆ ಮಾಲೀಕರೂ ನಮ್ಮ ಕಡೆಯವರೇ. ಹತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು.

ಇನ್ನು ನಕ್ಕವರ ವಿಷಯ. ವಿಡಿಯೋದಲ್ಲಿ ನಗುತ್ತಿರುವವರಲ್ಲಿ ಇಬ್ಬರು ಅದಕ್ಕೆ ಹತ್ತು ನಿಮಿಷ ಮುಂಚೆ ಅದೇ ಗಾಡಿಗೆ ಒರಗಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಆ ಫೋಟೋ ನಮ್ಮ ಹತ್ತಿರ ಇದೆ, ಹಾಕುವುದಿಲ್ಲ. ಅದು ಬೆಂಜ್ ಅಂದುಕೊಂಡಿದ್ದಾಗ ಅವರಿಗೆ ಹುಡುಗನ ಮೇಲೆ ಭಯಭಕ್ತಿ ಇತ್ತು. ಅಲ್ಲ ಅಂತ ಗೊತ್ತಾದಾಗ, ತಾವು ಭಕ್ತಿ ತೋರಿಸಿಬಿಟ್ಟೆವಲ್ಲ ಅನ್ನುವ ಅವಮಾನ ಕೋಪವಾಗಿ ತಿರುಗಿತು. ತಮಗೆ ತಾವೇ ಮಾಡಿಕೊಂಡ ಮೋಸದ ಬಿಲ್ಲನ್ನು ಅವನ ಹೆಸರಿಗೆ ಬರೆದರು.

"ಜಮೀನು ಮಾರಿದ ದುಡ್ಡು" ಅನ್ನುವ ಮಾತಿಗೂ ಉತ್ತರ ಹೇಳಬೇಕು. ಅವನ ಮನೆಯವರು ಜಮೀನು ಮಾರಲಿಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ರಿಂಗ್ ರೋಡಿಗೆ ಅವರ ದ್ರಾಕ್ಷಿ ತೋಟದ ಒಂದು ತುಂಡು ಹೋಯಿತು. ನೋಟಿಸು ಬಂತು, ಹೋಯಿತು. ಪರಿಹಾರದ ಬಹುಪಾಲು ಅಕ್ಕನ ಮದುವೆಗೆ, ಹಳೇ ಸಾಲಕ್ಕೆ, ಬೋರ್‌ವೆಲ್ಲಿಗೆ ಹೋಯಿತು. ಉಳಿದದ್ದಕ್ಕೆ ಸಾಲ ಸೇರಿಸಿ ಗಾಡಿ ತಂದ. ಬೆಂಗಳೂರಿನಲ್ಲಿ ಕಂಪನಿಯ ಶೇರು ಮಾರಿ ಕಾರು ಕೊಂಡವನಿಗೆ "ಶೇರು ಮಾರಿದ ದುಡ್ಡು" ಅಂತ ಯಾರಾದರೂ ಮೂದಲಿಸುತ್ತಾರಾ? ನಮ್ಮ ಜಿಲ್ಲೆಯಲ್ಲಿ ಜಮೀನು ಹೇಗೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಎಲ್ಲ ಊರಿಗೂ ಆ ಶಕ್ತಿ, ಆ ಅದೃಷ್ಟ ಇರಲಿಲ್ಲ. ಕಳೆದುಕೊಂಡವನು ಕೈಗೆ ಬಂದದ್ದರಲ್ಲಿ ಒಂದು ಗಾಡಿ ತಂದರೆ ಅದಕ್ಕೂ ಕೊಂಕು.

ಇಷ್ಟಾದ ಮೇಲೆ ದೊಡ್ಡವರು ಮಾಡುವ ನಾಮಕರಣವನ್ನೂ ಸ್ವಲ್ಪ ನೋಡೋಣ.

ನಮ್ಮ ಪಕ್ಕದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 2022ರಲ್ಲಿ ಅಲ್ಲಿಂದ ಎರಡು ಎಸ್‌ಯುವಿ ಹೊರಬಂದವು. ಒಂದರ ಮೂತಿಗೆ ಟೊಯೊಟಾ ಚಿಹ್ನೆ, ಹೆಸರು ಹೈರೈಡರ್. ಇನ್ನೊಂದಕ್ಕೆ ಸುಜುಕಿ ಚಿಹ್ನೆ, ಹೆಸರು ಗ್ರ್ಯಾಂಡ್ ವಿಟಾರಾ. ಕಾರ್ಖಾನೆ ಒಂದೇ, ಒಳಗಿನ ಎಲುಬು ಒಂದೇ, ಮೂತಿ ಬೇರೆ. ಅದಕ್ಕೂ ಮುಂಚೆ, 2019ರಲ್ಲಿ, ಮಾರುತಿಯ ಬಲೆನೋ ಕಾರಿಗೆ ಟೊಯೊಟಾ ಚಿಹ್ನೆ ಹಾಕಿ ಗ್ಲಾನ್ಜಾ ಅಂತ ಮಾರಿದರು. 2020ರಲ್ಲಿ ಬ್ರೆಝಾ ಹೋಗಿ ಅರ್ಬನ್ ಕ್ರೂಸರ್ ಆಯಿತು. 2023ರಲ್ಲಿ ಉಲ್ಟಾ ಆಯಿತು. ಟೊಯೊಟಾದ ಇನೋವಾ ಹೈಕ್ರಾಸ್ ಮಾರುತಿ ಶೋರೂಂಗೆ ಬಂದು ಇನ್‌ವಿಕ್ಟೋ ಆಯಿತು. ಇದು ಈ ಎರಡು ಕಂಪನಿಗಳ ಕಥೆ ಮಾತ್ರ ಅಲ್ಲ. ರೆನೋ ಡಸ್ಟರ್ 2013ರಲ್ಲಿ ನಿಸ್ಸಾನ್ ಟೆರಾನೋ ಆಗಿತ್ತು. ಅದಕ್ಕೂ ಹಿಂದೆ ಜಪಾನಿನ ಸುಬಾರು ಫಾರೆಸ್ಟರ್ ನಮ್ಮ ದೇಶದಲ್ಲಿ ಷೆವರ್ಲೆ ಚಿಹ್ನೆ ಹಾಕಿಕೊಂಡು ಓಡಾಡಿತು. ಈಗ ಹುಡುಕಿದರೂ ಒಂದು ಸಿಗುವುದಿಲ್ಲ.

ಇದನ್ನೆಲ್ಲ ಕಂಪನಿಗಳು ಮಾಡಿದಾಗ ಪೇಪರಿನವರು 'ಪಾಲುದಾರಿಕೆ' ಅಂತ ಬರೆದರು. ಯಾರೂ ಶೋರೂಂ ಮುಂದೆ ನಿಂತು "ನೋಡ್ರಪ್ಪಾ ಟೊಯೊಟಾ ಬಲೆನೋ" ಅಂತ ವಿಡಿಯೋ ಮಾಡಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕಂಪನಿಗಳು ಒಪ್ಪಂದ ಮಾಡಿಕೊಂಡು, ಬಹಿರಂಗವಾಗಿ ಹೇಳಿ, ಆರ್‌ಸಿಯಲ್ಲೂ ಅದೇ ಹೆಸರು ಬರೆಸಿ, ತಮ್ಮದೇ ಗ್ಯಾರಂಟಿ ಕೊಟ್ಟು ಮಾರುತ್ತವೆ. ನಮ್ಮ ಹುಡುಗ ಬೆಂಜ್ ಕಂಪನಿಯನ್ನು ಕೇಳಲಿಲ್ಲ. ಅದು ಇನ್ನೊಬ್ಬರ ಗುರುತು, ಕೇಳದೆ ಹಾಕಿಕೊಳ್ಳುವುದು ತಪ್ಪೇ. ಒಪ್ಪಿದೆವು. ಆದರೆ ಕೊಳ್ಳುವವನ ಮನಸ್ಸಿನಲ್ಲಿ ನಡೆಯುವುದು ಎರಡು ಕಡೆಯೂ ಒಂದೇ. ಅದೇ ಕಾರಿಗೆ ಬೇರೆ ಮೂತಿ ಹಾಕಿದರೆ ಬೇರೆ ಗಿರಾಕಿ ಬರುತ್ತಾನೆ ಅನ್ನುವ ಲೆಕ್ಕ ಕಂಪನಿಗೆ ಗೊತ್ತಿದೆ. ನಮ್ಮ ಹುಡುಗನಿಗೆ ಅದನ್ನು ಮಂಟಪದ ಗೇಟು ಕಲಿಸಿತು.

ನಾವು ಹುಡುಗನ ಜೊತೆ ಜಗಳ ಆಡಿದ್ದು ಬೇರೆ ಕಾರಣಕ್ಕೆ. ಅದು ಅವರಪ್ಪನ ಟ್ರ್ಯಾಕ್ಸಿನ ಕಥೆ.

ಮಾವ ಹನ್ನೊಂದು ವರ್ಷ ಊರಿನಿಂದ ದೊಡ್ಡಬಳ್ಳಾಪುರಕ್ಕೆ ಟ್ರ್ಯಾಕ್ಸ್ ಓಡಿಸಿದವರು. ಆಗ ನಮ್ಮೂರಿಗೆ ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಮಧ್ಯದ್ದೆಲ್ಲ ಟ್ರ್ಯಾಕ್ಸೇ. ಒಳಗೆ ಇಷ್ಟು ಜನ ಅಂತ ಲೆಕ್ಕ ಇಲ್ಲ. ಮೇಲೆ ರೇಷ್ಮೆ ಗೂಡಿನ ಮೂಟೆ, ದ್ರಾಕ್ಷಿ ಬುಟ್ಟಿ, ಹಿಂದೆ ಕಾಲಿಡುವ ಪಟ್ಟಿಯ ಮೇಲೆ ನಿಂತ ಕಾಲೇಜು ಹುಡುಗರು. ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಅಂದರೆ ಮಾವನ ಬಾಗಿಲು ತಟ್ಟುತ್ತಿದ್ದರು. ನಮ್ಮ ಬಳಗದಲ್ಲೇ ಒಬ್ಬಳು ಆಸ್ಪತ್ರೆ ಮುಟ್ಟುವ ಮೊದಲೇ ಆ ಗಾಡಿಯಲ್ಲಿ ಹುಟ್ಟಿದವಳು ಅಂತ ಅವಳ ಅಜ್ಜಿ ಇವತ್ತಿಗೂ ಹೇಳುತ್ತಾರೆ.

ಆ ಟ್ರ್ಯಾಕ್ಸ್ ಮಾಡಿದ ಕಂಪನಿಯೇ ಈ ಗೂರ್ಖಾ ಮಾಡುವುದು. ಅದರ ಹಳೆಯ ಹೆಸರು ಬಜಾಜ್ ಟೆಂಪೋ. 1958ರಲ್ಲಿ ಎನ್. ಕೆ. ಫಿರೋದಿಯಾ ಅವರು ಕಟ್ಟಿದ್ದು. ಜರ್ಮನಿಯ ಟೆಂಪೋ ಅನ್ನುವ ಕಂಪನಿಯಿಂದ ಪರವಾನಗಿ ತಂದು ಮೂರು ಗಾಲಿಯ ಸಾಮಾನು ಗಾಡಿ ಮಾಡಿದರು. ಆ ಹೆಸರು ನಮ್ಮ ನಾಲಿಗೆಗೆ ಎಷ್ಟು ಹತ್ತಿತು ಅಂದರೆ ಇವತ್ತು ಯಾವ ಕಂಪನಿಯ ಸಣ್ಣ ಸಾಮಾನು ಗಾಡಿಯಾದರೂ ನಮಗೆ 'ಟೆಂಪೋ'. ದಿಬ್ಬಣಕ್ಕೆ ಹೋಗುತ್ತಿದ್ದ ಮ್ಯಾಟಡೋರ್ ಅವರದೇ, ಧರ್ಮಸ್ಥಳ ತಿರುಪತಿಗೆ ಹೋಗುವ ಟೆಂಪೋ ಟ್ರಾವೆಲರ್ ಅವರದೇ. 2005ರಲ್ಲಿ ಕಂಪನಿ ತನ್ನ ಹೆಸರನ್ನೇ ಫೋರ್ಸ್ ಮೋಟಾರ್ಸ್ ಅಂತ ಬದಲಿಸಿಕೊಂಡಿತು. ನೋಡಿ, ಅಲ್ಲಿಗೂ ಹೆಸರು ಬದಲಿಸುವ ಕೆಲಸ ಬಂತು.

ಇನ್ನು ಬೆಂಜ್ ನಂಟು. 1980ರ ದಶಕದಲ್ಲಿ ಈ ಕಂಪನಿ ಬೆಂಜಿನಿಂದ ಓಎಂ 616 ಅನ್ನುವ ಡೀಸೆಲ್ ಎಂಜಿನ್ನಿನ ತಂತ್ರಜ್ಞಾನ ತಂದಿತು. ಟ್ರಾವೆಲರ್ ಗಾಡಿಯ ಮೂಲವೂ ಬೆಂಜಿನ ಒಂದು ವ್ಯಾನು. ಆ ಎಂಜಿನ್ನಿನ ಸಂತತಿ ಟ್ರ್ಯಾಕ್ಸಿನಲ್ಲೂ ಬಂತು. ಈಗಿನ ಗೂರ್ಖಾದ 2.6 ಲೀಟರ್ ಎಂಜಿನ್ ಕೂಡ ಬೆಂಜ್ ಮೂಲದ್ದೇ. ಇನ್ನೂ ತಮಾಷೆ ಅಂದರೆ, ಇಲ್ಲಿ ಜೋಡಣೆಯಾಗುವ ಬೆಂಜ್ ಕಾರುಗಳಿಗೆ ಎಂಜಿನ್ ಜೋಡಿಸಿ ಕೊಡುವುದು ಪುಣೆ ಹತ್ತಿರದ ಚಾಕಣ್‌ನಲ್ಲಿರುವ ಇದೇ ಫೋರ್ಸ್ ಕಂಪನಿಯ ಘಟಕ. ಟ್ರ್ಯಾಕ್ಸ್ ಮಾಡುವ ಕಂಪನಿಯ ಕೈ ಬೆಂಜಿಗೂ ಬೇಕು. ನಕ್ಷತ್ರ ಮಾತ್ರ ಒಂದಕ್ಕೆ.

ಇದನ್ನು ಹೇಳಿದಾಗ ಮಾವ ಬೀಡಿ ಆರಿಸಿ ಹೇಳಿದ ಮಾತು ಇದು: "ಹನ್ನೊಂದು ವರ್ಷ ನಾನೂ ಬೆಂಜ್ ಇಂಜಿನ್ನೇ ಓಡ್ಸಿದ್ದು ಅಂತಾಯ್ತು. ಒಬ್ಬನಾದ್ರೂ ಸಲಾಮು ಹೊಡೆದ್ನಾ? ಬ್ರೇಕ್ ಇನ್‌ಸ್ಪೆಕ್ಟರ್ ಹಿಡಿದು ನಿಲ್ಲಿಸ್ತಿದ್ದ, ಅಷ್ಟೇಯ."

ಹುಡುಗ ಗೂರ್ಖಾ ತಂದದ್ದು ಇದೇ ಕಾರಣಕ್ಕೆ. ಥಾರ್ ತರಬಹುದಿತ್ತು. ಸಾಲ ಸುಲಭ, ಮಾರುವಾಗ ಬೆಲೆಯೂ ಜಾಸ್ತಿ. ಅಪ್ಪನ ಟ್ರ್ಯಾಕ್ಸಿನ ವಂಶದ್ದು ಬೇಕು ಅಂತ ಹಠ ಹಿಡಿದು ಇದನ್ನೇ ಹುಡುಕಿ ತಂದ. ಸ್ಟೇರಿಂಗ್ ಹಿಡಿದ ಮೊದಲ ದಿನ ಅಪ್ಪನನ್ನು ಪಕ್ಕ ಕೂರಿಸಿಕೊಂಡು ಹಳೇ ರೂಟಿನಲ್ಲೇ ದೊಡ್ಡಬಳ್ಳಾಪುರಕ್ಕೆ ಹೋಗಿ ಬಂದ. ಅಂಥವನು ಒಂದೇ ವರ್ಷದಲ್ಲಿ ಅಪ್ಪನ ಗಾಡಿಯ ಹೆಸರನ್ನು ಕಿತ್ತು ಅದರ ಮೇಲೆ ಪರರ ನಕ್ಷತ್ರ ಅಂಟಿಸಿದನಲ್ಲ, ಅದು ನಮಗೆ ನೋವು. ಮುಖಕ್ಕೇ ಹೇಳಿದ್ದೇವೆ. ಇದೇ ಗೂರ್ಖಾ 2,978 ಬೇಕು ಅಂತ ನಮ್ಮ ಸೇನೆ 2025ರಲ್ಲಿ ಆರ್ಡರ್ ಕೊಟ್ಟಿತು. ಸೈನಿಕರಿಗೆ ನಾಚಿಕೆ ಆಗದ ಹೆಸರು ನಿನಗೆ ಯಾಕೆ ನಾಚಿಕೆ ಅಂತ ಕೇಳಿದೆವು. ಅವನು ಹೇಳಿದ, "ಸೈನಿಕ್ರನ್ನ ಯಾರೂ ಎಂಜಲೆಲೆ ಪಕ್ಕ ನಿಲ್ಸಲ್ಲ ಕಣ್ರೋ." ನಮ್ಮ ಹತ್ತಿರ ಮಾತಿರಲಿಲ್ಲ.

ನಮ್ಮ ಹಿರಿಯರಿಗೆ ಈ ಕಾಯಿಲೆ ಇರಲಿಲ್ಲ ಅನ್ನಿಸುತ್ತದೆ. ಅವರಿಗೂ ಗಾಡಿ ಹೆಸರು ಬೇಕಿತ್ತು, ಆದರೆ ಅದು ಕೆಲಸಕ್ಕೆ ಅಂಟುತ್ತಿತ್ತು. ಕಾಡು ಹತ್ತುವುದೆಲ್ಲ ಜೀಪು, ಅದು ಮಹೀಂದ್ರ ಆದರೂ ಸರಿ. ಮಣ್ಣು ತೋಡುವುದೆಲ್ಲ ಜೆಸಿಬಿ. ತಣ್ಣನೆ ಬಸ್ಸೆಲ್ಲ ವೋಲ್ವೋ. ಹೊಸಕೋಟೆ ತಾಲ್ಲೂಕಿನಲ್ಲೇ 2001ರಿಂದ ನಿಜವಾದ ವೋಲ್ವೋ ಬಸ್ಸು ತಯಾರಾದವು. ಆದರೂ ಬೇರೆ ಕಂಪನಿಯ ಏಸಿ ಬಸ್ಸನ್ನು ಅದೇ ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ವೋಲ್ವೋ ಅಂತಲೇ ಕರೆಯುತ್ತಾರೆ. ಅದರಲ್ಲಿ ಮೋಸ ಇಲ್ಲ. ಒಯ್ದು ಮುಟ್ಟಿಸಿದರೆ ಸಾಕು, ಮೂತಿಯಲ್ಲಿ ಏನು ಬರೆದಿದೆ ಅಂತ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಈಗ ಬಗ್ಗಿ ನೋಡುವುದೇ ಕೆಲಸ.

ಇದನ್ನು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕಿಗೆ ಬೆಳಗ್ಗೆ ಡಬ್ಬಿ ಹಿಡಿದು ಹೋಗುವ ಅಕ್ಕಂದಿರನ್ನು ಕೇಳಿ. ಒಂದೇ ಬಟ್ಟೆ, ಒಂದೇ ದಾರ, ಒಂದೇ ಕೈ. ಕಾಲರಿನ ಒಳಗೆ ಹೊಲಿಯುವ ಎರಡು ಬೆರಳಗಲದ ಲೇಬಲ್ ಒಂದೇ ಬೆಲೆ ನಿರ್ಧರಿಸುವುದು. ನಮ್ಮ ಮಗ್ಗದ ಸೀರೆಯೂ ಅಷ್ಟೇ. ಬೆಂಗಳೂರಿನ ಅಂಗಡಿಯ ಗಾಜಿನ ಹಿಂದೆ ನಿಂತಾಗ ಅದರ ಮೇಲೆ ದೊಡ್ಡಬಳ್ಳಾಪುರದ ಹೆಸರು ಇರುವುದಿಲ್ಲ ಅಂತ ನೇಕಾರರು ಕೊರಗುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಲೇಬಲ್ ಹೊಲಿಯುವ ಕೈಗೆ ಲೇಬಲ್ಲಿನ ಬೆಲೆಯಲ್ಲಿ ಪಾಲಿಲ್ಲ. ಅದೇ ಕೈಯವರ ತಮ್ಮ ಒಂದು ಲೇಬಲ್ ತಾನೇ ಅಂಟಿಸಿಕೊಂಡರೆ ಅಪರಾಧ!

ಹಾಗಂತ ಎಲ್ಲ ಅಂಟಿಸುವಿಕೆಯನ್ನೂ ನಾವು ಸಮರ್ಥಿಸುತ್ತೇವೆ ಅಂದುಕೊಳ್ಳಬೇಡಿ. ನಿಜವಾಗಿ ಜನರ ದುಡ್ಡು ತಿನ್ನುವ ಚಿಹ್ನೆ ಬೇರೆಯೇ ಇದೆ, ಅದರ ವಿಡಿಯೋ ಯಾರೂ ಮಾಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಕೆಲವರು ಕಡಿಮೆ ಮಾದರಿಯ ಕಾರಿನ ಹಿಂದೆ ಟಾಪ್ ಮಾದರಿಯ ಅಕ್ಷರ ಅಂಟಿಸಿ ಮಾರುತ್ತಾರೆ. ವಿಎಕ್ಸ್‌ಐ ಕಿತ್ತು ಝಡ್‌ಎಕ್ಸ್‌ಐ. ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುವ ಗಾಡಿಯ ಹಿಂದೆ ಫೋರ್ ಬೈ ಫೋರ್ ಅನ್ನುವ ಸ್ಟಿಕ್ಕರ್. ನಮ್ಮ ಪಕ್ಕದೂರಿನ ಟೊಮ್ಯಾಟೋ ಬೆಳೆಗಾರರೊಬ್ಬರು ಹೀಗೇ ಒಂದು ಗಾಡಿ ತಂದು ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಹೂತುಕೊಂಡ ಮೇಲೆ ನಿಜ ತಿಳಿದರು. ಟ್ರ್ಯಾಕ್ಟರ್ ಕಟ್ಟಿ ಎಳೆದದ್ದಾಯಿತು, ದುಡ್ಡು ವಾಪಸ್ ಬರಲಿಲ್ಲ.

ಆದ್ದರಿಂದ ಗಾಡಿ ಕೊಳ್ಳುವಾಗ ಮೂತಿ ನೋಡಬೇಡಿ, ಹಿಂಭಾಗದ ಅಕ್ಷರವನ್ನಂತೂ ನಂಬಲೇಬೇಡಿ. ಆರ್‌ಸಿ ಕೇಳಿ. ಅದರಲ್ಲಿ ಕಂಪನಿ, ಮಾದರಿ, ತಯಾರಾದ ತಿಂಗಳು, ಚಾಸಿ ನಂಬರು, ಎಂಜಿನ್ ನಂಬರು ಇರುತ್ತವೆ. ಚಾಸಿ ನಂಬರನ್ನು ಗಾಡಿಯ ಮೈಮೇಲೆ ಕೊರೆದದ್ದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಅದರ ಮೊದಲ ಮೂರು ಅಕ್ಷರ ಯಾವ ಕಂಪನಿ ಅಂತ ಹೇಳುತ್ತವೆ. ಟಾಟಾ ಆದರೆ ಎಂ ಎ ಟಿ, ಮಾರುತಿ ಆದರೆ ಎಂ ಎ 3. ಫೋನಿನಲ್ಲಿ ಎಂಪರಿವಾಹನ್ ಆಪ್ ಹಾಕಿಕೊಂಡು ಗಾಡಿ ನಂಬರ್ ಒತ್ತಿ, ಅಲ್ಲಿ ಬರುವುದೂ ಆರ್‌ಸಿಯೂ ಒಂದೇನಾ ನೋಡಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಹುಡುಗ ಗಾಡಿ ಮಾರಲು ಹೊರಟು "ಇದು ಬೆಂಜ್" ಅಂದಿದ್ದರೆ ನಾವೇ ಅವನ ಮೇಲೆ ಬರೆಯುತ್ತಿದ್ದೆವು. ಮಾರುವಾಗ ಹೇಳುವ ಸುಳ್ಳಿಗೆ ವಂಚನೆ ಅಂತ ಹೆಸರು, ಅದಕ್ಕೆ ಕಾನೂನೂ ಇದೆ.

ಇನ್ನೊಂದು ಥರದ ಚಿಹ್ನೆ ಇದೆ, ಅದು ದುಡ್ಡಿಗಿಂತ ಹೆಚ್ಚು ಕೆಡಿಸುವುದು. ನೆಲಮಂಗಲದಿಂದ ಹೊಸಕೋಟೆವರೆಗೆ ಒಂದು ಸುತ್ತು ಹೊಡೆದು ಗಾಜುಗಳನ್ನು ನೋಡಿ. ಯಾವುದೋ ಮಾನವ ಹಕ್ಕು ಸಂಘದ ರಾಜ್ಯಾಧ್ಯಕ್ಷರು, ನಂಬರ್ ಪ್ಲೇಟಿಗಿಂತ ದೊಡ್ಡ ಕೆಂಪು ಬೋರ್ಡು. ಮಾಜಿ ಸದಸ್ಯರ ಅಳಿಯನ ಗಾಡಿಗೂ ಲಾಂಛನ. ಗೂಟದ ಕಾರಿನ ಕೆಂಪು ದೀಪ 2017ರ ಮೇ 1ರಿಂದ ಮಂತ್ರಿಗಳಿಗೂ ಇಲ್ಲ ಅಂತಾಯಿತು. ದೀಪ ಹೋಯಿತು, ಬೋರ್ಡು ಬಂತು. ಆ ಬೋರ್ಡುಗಳು ಚೆಕ್‌ಪೋಸ್ಟಿನಲ್ಲಿ ಕೆಲಸ ಮಾಡುತ್ತವೆ, ಸರದಿ ಮುರಿಯುತ್ತವೆ, ಜಮೀನು ವ್ಯಾಜ್ಯದ ಪಂಚಾಯ್ತಿಗೆ ಹೋಗಿ ಎದುರು ಪಾರ್ಟಿಯನ್ನು ಹೆದರಿಸುತ್ತವೆ. ಬೆಂಜ್ ನಕ್ಷತ್ರ ಯಾರನ್ನೂ ಹೆದರಿಸಲಿಲ್ಲ.

ಹಾಗೆ ಎಣಿಸುತ್ತಾ ಹೋದರೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. 'ಪ್ರೆಸ್' ಅನ್ನುವ ಸ್ಟಿಕ್ಕರ್. ಪತ್ರಿಕೋದ್ಯಮ ಓದುತ್ತಿದ್ದಾಗ, ಯಾವ ಪತ್ರಿಕೆಯೂ ನಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಇದ್ದಾಗಲೇ, ನಮ್ಮಲ್ಲಿ ಮೂವರ ಬೈಕಿನ ಮೇಲೆ ಅದು ಇತ್ತು. ಹೆಲ್ಮೆಟ್ ಇಲ್ಲದೆ ಪೊಲೀಸರ ಮುಂದೆ ಹೋದದ್ದಿದೆ. ಅವರು ಸ್ಟಿಕ್ಕರ್ ನೋಡಿ ಪಕ್ಕದ ಹುಡುಗನನ್ನು ಹಿಡಿದರು, ನಮ್ಮನ್ನು ಬಿಟ್ಟರು. ಅವನು ಗಾರೆ ಕೆಲಸಕ್ಕೆ ಹೋಗುತ್ತಿದ್ದವನು, ಹೆಗಲಿಗೆ ಕರಣೆಯ ಚೀಲ ಇತ್ತು. ಅವನು ನಮ್ಮ ಕಡೆ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಆ ಸ್ಟಿಕ್ಕರ್ ಕಿತ್ತದ್ದು ಅದಾದ ಮೇಲೆ ಎಷ್ಟೋ ತಿಂಗಳಿಗೆ, ಅದೂ ಬಿಸಿಲಿಗೆ ಅರ್ಧ ಸುಲಿದುಹೋದ ಮೇಲೆ. ಆದ್ದರಿಂದ ಸೋದರಮಾವನ ಮಗನಿಗೆ ಬುದ್ಧಿ ಹೇಳುವಾಗ ನಮ್ಮ ದನಿ ಅಷ್ಟು ಜೋರಾಗಿರಲಿಲ್ಲ.

ಮಂಟಪದ ಮಾಲೀಕರಿಗೆ ನಾವು ಫೋನ್ ಮಾಡಿದೆವು. "ಹಂಗೇನಿಲ್ಲ, ಜಾಗ ಇದ್ರೆ ಎಲ್ರೂ ಮುಂದೆ ನಿಲ್ಲಿಸ್ಬೋದು" ಅಂದರು. ಹಾಗಾದರೆ ಅದನ್ನೇ ಗೇಟಿನಲ್ಲಿ ಬರೆದು ಹಾಕಿ, ವಯಸ್ಸಾದವರು ಇರುವ ಗಾಡಿಗೆ ಮೊದಲು ಜಾಗ ಕೊಡಿ ಅಂದೆವು. "ನೋಡೋಣ" ಅಂದರು. ವಿಡಿಯೋ ಮಾಡಿದವನಿಗೂ ಮಾಡಿದೆವು. ಅವನು ನಮಗಿಂತ ಮೂರು ವರ್ಷ ಚಿಕ್ಕವನು, ಅದೇ ಹೈಸ್ಕೂಲು. "ತಮಾಷೆಗೆ ಹಾಕ್ದೆ ಅಣ್ಣಾ, ಇಷ್ಟ್ ದೂರ ಹೋಗ್ತದೆ ಅಂದ್ಕೊಂಡಿರ್ಲಿಲ್ಲ" ಅಂದ. ತೆಗೆದುಹಾಕಿದ್ದಾನೆ. ಆದರೆ ಈಗ ಅದು ಅವನ ಕೈಯಲ್ಲಿಲ್ಲ, ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಲೇ ಇದೆ. ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ.

ಗಾಡಿಯ ಗ್ರಿಲ್ ಮೇಲೆ ಈಗ ಏನೂ ಇಲ್ಲ. ನಕ್ಷತ್ರ ಕಿತ್ತ ಜಾಗದಲ್ಲಿ ಅಂಟಿನ ಗುರುತು ಉಳಿದಿದೆ, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಿಲ್ಲ. 'ಗೂರ್ಖಾ' ಅನ್ನುವ ಹಳೇ ಅಕ್ಷರ ಬಿಚ್ಚುವಾಗಲೇ ಮುರಿದುಹೋಗಿತ್ತು, ಹೊಸದಕ್ಕೆ ಶೋರೂಂನಲ್ಲಿ ಹೇಳಿಟ್ಟಿದ್ದಾನೆ. ಬರುವ ತಿಂಗಳು ಅದೇ ಮಂಟಪದಲ್ಲಿ ನಮ್ಮದೇ ಬಳಗದ ಒಬ್ಬಳ ಮದುವೆ. ಹೆಣ್ಣಿನ ಕಡೆಯವರನ್ನು ಕರೆದುಕೊಂಡು ಬರುವ ಜವಾಬ್ದಾರಿ ಅವನದು. ಅಕ್ಷರ ಅಷ್ಟರೊಳಗೆ ಬಂದರೂ ಸರಿ, ಬರದಿದ್ದರೂ ಸರಿ, ಮದುಮಗಳು ಆ ಗಾಡಿಯಲ್ಲೇ ಬರುವುದು ಅಂತ ಹಠ ಹಿಡಿದಿದ್ದಾಳೆ. ಟ್ರ್ಯಾಕ್ಸಿನಲ್ಲಿ ಹುಟ್ಟಿದವಳು ಅಂತ ಹೇಳಿದೆವಲ್ಲ, ಅವಳೇ. ಮುಂದಿನ ಸೀಟಿನಲ್ಲಿ ಮಾವ ಕೂರುತ್ತಾರೆ. ನಾವು ಹಿಂದೆ ಬೈಕುಗಳಲ್ಲಿ, ಹೆಲ್ಮೆಟ್ ಹಾಕಿಕೊಂಡು.